ಒಂಬತ್ತನೇ ಗೆರೆ

ಮೊದಲೇ ಹೇಳಿಬಿಡ್ತೇನೆ, ಜೋಯಿಸನ ತಪ್ಪು ಇದರಲ್ಲಿ ಒಂದು ಚೂರೂ ಇಲ್ಲ. ಊರಿನವರು ಅದರ ಕೋಣೆಗೆ ಕಲ್ಲು ಬಿಸಾಡಿ ಗಾಜು ಪುಡಿ ಮಾಡಿದ್ದಾರೆ. ಪೇಪರಿನವರು ಕೊಲೆಗಾರ ಯಂತ್ರ ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಎಂತ ಕೊಲೆಗಾರ ಮಾರಾಯ್ರೆ! ಅದು ನಾವು ತಿನ್ನಿಸಿದ್ದನ್ನು ತಿಂದಿತು, ತಿಂದದ್ದನ್ನು ಹೇಳಿತು. ಎಡವಟ್ಟು ಮಾಡಿದ್ದು ನಾನು. ನನ್ನ ಹೆಸರು ಸುಗಂಧಿ, ಮಂಗಳೂರಿನ ಬೋಳಾರದವಳು. ಅಂತರ ಕಾಲೇಜು ಆಟದ ಮಂಡಳಿಯಲ್ಲಿ ಆರು ವರ್ಷ ಆ ಯಂತ್ರವನ್ನು ನಡೆಸಿದವಳು.

ಮಂಡಳಿಯ ಕಾಗದದಲ್ಲಿ ಅದಕ್ಕೆ ಉದ್ದದ ಹೆಸರುಂಟು, ಫುಟ್‌ಬಾಲ್ ಪಂದ್ಯ ಮುನ್ನೋಟ ವ್ಯವಸ್ಥೆ ಅಂತ. ಅಷ್ಟು ಹೇಳ್ಲಿಕ್ಕೆ ಯಾರಿಗೆ ಪುರುಸೊತ್ತು? ಎಲ್ಲರೂ ಜೋಯಿಸ ಅಂತಲೇ ಕರೆಯುದು. ಆದರೆ ಜೋಯಿಸರ ಹಾಗೆ ಅದು ಗ್ರಹಗತಿ ನೋಡುದಿಲ್ಲ. ಹುಡುಗರ ಅಭ್ಯಾಸದ ಜೆರ್ಸಿಯ ಒಳಗೆ, ಎದೆಯ ನೇರಕ್ಕೆ, ಎರಡು ಬೆರಳು ಅಗಲದ ಒಂದು ಪಟ್ಟಿ ಹೊಲಿದಿರ್ತಾರೆ. ಎದೆ ಎಷ್ಟು ಸಲ ಬಡಿಯಿತು, ಉಸಿರು ಎಲ್ಲಿ ಕಟ್ಟಿತು, ಎಡಗಾಲಿನ ಮೇಲೆ ಎಷ್ಟು ಭಾರ ಬಿತ್ತು, ಎಲ್ಲ ಅದರಲ್ಲಿ ಬರ್ತದೆ. ಪಂದ್ಯಕ್ಕೆ ಮೊದಲಿನ ಎರಡು ವಾರದ ಡಾಟಾ ಹಾಕಿದರೆ ಜೋಯಿಸ, ಕೊನೆಯ ವಾರದ್ದಕ್ಕೆ ಹೆಚ್ಚು ತೂಕ ಕೊಟ್ಟು, ಆ ಆಟವನ್ನು ತನ್ನೊಳಗೇ ನಲವತ್ತು ಸಾವಿರ ಸಲ ಆಡಿ ನೋಡ್ತದೆ. ಯಾವುದು ಹೆಚ್ಚು ಸಲ ಬಂತೋ ಅದನ್ನು ಹಾಳೆಯಲ್ಲಿ ಕೊಡ್ತದೆ. ಆರು ವರ್ಷದಲ್ಲಿ ಒಂದು ಸಲವೂ ತಪ್ಪಿದ್ದಿಲ್ಲ.

ಮೊದಲ ವರ್ಷ ಜನ ತಮಾಷೆ ಮಾಡಿದರು. ಆಮೇಲೆ ನಿಧಾನಕ್ಕೆ ಮೈದಾನಕ್ಕೆ ಬರುದನ್ನೇ ಬಿಟ್ಟರು. ಯಾರು ಗೆಲ್ತಾರೆ ಅಂತ ಗುರುವಾರವೇ ಗೊತ್ತಾದ ಮೇಲೆ ಆದಿತ್ಯವಾರ ಬಿಸಿಲಲ್ಲಿ ಕೂತು ಎಂತ ನೋಡುದು? ಮಂಡಳಿಯವರೂ ಬುದ್ಧಿವಂತರು. ಲೀಗ್ ಪಂದ್ಯಗಳನ್ನು ಆಡಿಸುದನ್ನೇ ನಿಲ್ಲಿಸಿ, ಹಾಳೆ ನೋಡಿಯೇ ಪಾಯಿಂಟ್ ಕೊಡ್ಲಿಕ್ಕೆ ಶುರು ಮಾಡಿದರು. ಫೈನಲ್ ಮಾತ್ರ ಆಡಿಸ್ತಾರೆ, ಕಪ್ ಎತ್ಲಿಕ್ಕೆ ಯಾರಾದರೂ ಬೇಕಲ್ಲ. ಹುಡುಗರು ವರ್ಷವಿಡೀ ಓಡುದು ಜೋಯಿಸನಿಗೆ ತಿನ್ನಿಸ್ಲಿಕ್ಕೆ, ನಿಜವಾಗಿ ಆಡುದು ಒಂದೇ ದಿನ. ಗುರುವಾರ ಸಂಜೆ ಐದು ಗಂಟೆಗೆ ಮೈದಾನದ ಗೇಟಿಗೆ ಹಾಳೆ ಅಂಟಿಸುವಾಗ ನೂರಿನ್ನೂರು ಜನ ಸೇರ್ತಾರೆ. ಚರ್ಮುರಿ ತಿಂತಾ ಗೋಲು ಯಾರದ್ದು ಅಂತ ಓದಿ, ನಿಟ್ಟುಸಿರು ಬಿಟ್ಟು, ಬಸ್ಸು ಹಿಡೀತಾರೆ.

ನನ್ನ ಮಗ ಮನ್ವಿತ್ ಬಂದರು ಕಾಲೇಜಿನ ಒಂಬತ್ತನೇ ನಂಬರಿನ ಆಟಗಾರ. ಅವನ ಅಪ್ಪ ದಯಾನಂದರೂ ಅದೇ ಕಾಲೇಜಿಗೆ ಆಡಿದವರು, ಲ್ಯಾನ್ಸಿ ಮಾಸ್ಟರ ಕೈಯಲ್ಲಿ ಪಳಗಿದವರು. ಲ್ಯಾನ್ಸಿ ಮಾಸ್ಟರದ್ದು ಒಂದು ವಿಚಿತ್ರ ಪದ್ಧತಿ ಇತ್ತಂತೆ. ಫೈನಲಿಗೆ ಮೊದಲಿನ ವಾರ ಪ್ರತಿಯೊಬ್ಬನೂ ತನ್ನ ಜೊತೆಗಾರನ ಜಾಗದಲ್ಲಿ, ಅವನದ್ದೇ ಜೆರ್ಸಿ ಹಾಕಿ ಆಡಬೇಕು. "ಒಂದು ವಾರ ಅವನಾಗಿ ಓಡಿ ನೋಡು ಮಗಾ, ಅವನಿಗೆ ಬಾಲ್ ಯಾವಾಗ ಬೇಕು ಅಂತ ಆಗ ಗೊತ್ತಾಗ್ತದೆ" ಅಂತಿದ್ದರಂತೆ. ಬದಲಿ ವಾರ ಅಂತ ಅದರ ಹೆಸರು. ಜೋಯಿಸ ಬಂದ ಮೇಲೆ, ಡಾಟಾ ಕಲಸಿಹೋಗ್ತದೆ ಅಂತ ಮಂಡಳಿ ಅದನ್ನು ಬಂದ್ ಮಾಡಿತು. ಮಾಸ್ಟರೂ ತೀರಿಕೊಂಡರು. ದಯಾನಂದರು ಅದಕ್ಕಿಂತ ಮೊದಲೇ ಹೋಗಿಯಾಗಿತ್ತು. ಮೀನಿನ ದೋಣಿ ಬರುವ ಧಕ್ಕೆಯ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡ್ತಾ ಇದ್ದವರು, ಮೂವತ್ತೊಂಬತ್ತರ ಪ್ರಾಯ, ಬೆಳಿಗ್ಗೆ ಹತ್ತು ಗಂಟೆಗೆ ಐಸಿನ ಗೋಣಿ ಕೆಳಗಿಟ್ಟು "ಎದೆ ಹಿಡಿದ ಹಾಗೆ ಆಗ್ತದೆ" ಅಂದರಂತೆ, ಅಷ್ಟೇ. ಮನ್ವಿತ್ ಆಗ ಏಳನೇ ಕ್ಲಾಸು.

ಈಗ ಆ ಗುರುವಾರಕ್ಕೆ ಬರ್ತೇನೆ.

ಫೈನಲ್ ಬಂದರು ಕಾಲೇಜಿಗೂ ಗುಡ್ಡೆ ಕಾಲೇಜಿಗೂ. ಸ್ವಂತ ಮಗ ಆಡುವ ಪಂದ್ಯದ ಹಾಳೆಯನ್ನು ನಾನು ತೆಗೆಯುವ ಹಾಗಿಲ್ಲ, ನಿಯಮ ಉಂಟು. ಆದರೆ ನನ್ನ ಜೊತೆಯವಳು ಹೆರಿಗೆಯ ರಜೆಯಲ್ಲಿದ್ದಳು. ಬಂದರು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಆಳ್ವ ಸರ್ ಮಂಡಳಿಯಲ್ಲಿಯೂ ಇದ್ದವರು, ನಗಾಡಿದರು. "ಯಂತ್ರಕ್ಕೆ ಎಂತ ಅಮ್ಮ, ಎಂತ ಅತ್ತೆ? ನೀವೇ ಮಾಡಿ ಸುಗಂಧಿ."

ಮಧ್ಯಾಹ್ನ ಎರಡೂವರೆಗೆ ಹಾಳೆ ಹೊರಗೆ ಬಂತು. ಗುಡ್ಡೆ ಕಾಲೇಜು ಎರಡು, ಬಂದರು ಒಂದು. ಹೊರಗೆ ಅಂಟಿಸುವ ಹಾಳೆಯಲ್ಲಿ ಇಷ್ಟೇ ಇರುದು. ಒಳಗಿನ ಹಾಳೆಯಲ್ಲಿ ಮಾತ್ರ ಇಪ್ಪತ್ತೆರಡು ಗೆರೆ, ಒಬ್ಬೊಬ್ಬ ಆಟಗಾರನಿಗೆ ಒಂದು. ಸೊನ್ನೆಯಿಂದ ಹೊರಟು ತೊಂಬತ್ತನೇ ನಿಮಿಷದವರೆಗೆ ಹೋಗ್ತದೆ. ನಡುವೆ ಯಾರನ್ನಾದರೂ ಬದಲಾಯಿಸ್ತಾರೆ ಅಂತಿದ್ದರೆ ಗೆರೆಯಲ್ಲಿ ಒಂದು ಗಂಟು ಬಂದು, ಬೇರೆ ಬಣ್ಣದ ಗೆರೆ ಮುಂದುವರೀತದೆ. ಬಂದರು ಕಾಲೇಜಿನ ಒಂಬತ್ತನೇ ಗೆರೆ ಅರವತ್ತೇಳನೇ ನಿಮಿಷದಲ್ಲಿ ನಿಂತಿತ್ತು. ಗಂಟು ಇಲ್ಲ. ಮುಂದೆ ಖಾಲಿ.

ಅಂಥ ಗೆರೆಯನ್ನು ನಾನು ಮೊದಲು ಒಂದೇ ಸಲ ನೋಡಿದ್ದು, ಮೂರು ವರ್ಷದ ಹಿಂದೆ. ಆಗ ಯಂತ್ರದ ದೋಷ ಅಂತ ಬಿಟ್ಟಿದ್ದೆವು. ಆ ಹುಡುಗ ತನ್ನ ಗೆರೆ ನಿಂತ ನಿಮಿಷಕ್ಕೇ ಮೈದಾನದಲ್ಲಿ ಬಿದ್ದವನು ಮತ್ತೆ ಏಳಲಿಲ್ಲ. ಆಮೇಲೆ ಮಂಡಳಿ ನಿಯಮ ಮಾಡಿತು. ಗೆರೆ ತುಂಡಾದರೆ ಒಂದು ಗಂಟೆಯೊಳಗೆ ವೈದ್ಯರ ಸಮಿತಿಗೆ ಹೇಳಬೇಕು. ಅವರು ಪಂದ್ಯ ಮುಂದೆ ಹಾಕಿ, ತಂಡದ ಎಲ್ಲ ಹುಡುಗರ ಎದೆ ಪರೀಕ್ಷೆ ಮಾಡ್ತಾರೆ. ಗೆರೆ ತುಂಡಾದವನ ಹೆಸರಿಗೆ ಮಂಡಳಿಯ ದಾಖಲೆಯಲ್ಲಿ, ಎಲ್ಲರಿಗೂ ಕಾಣುವ ಹಾಗೆ, ತಡೆ ಅಂತ ಬೀಳ್ತದೆ.

ಆ ತಡೆ ಒಮ್ಮೆ ಬಿದ್ದರೆ ಹೋಗುದಿಲ್ಲ. ಕೆಲಸ ಕೊಡುವವರು ನೋಡ್ತಾರೆ, ಹೆಣ್ಣು ಕೊಡುವವರು ನೋಡ್ತಾರೆ. ನಿಯಮ ಬಂದ ಮೇಲೆ, ನನ್ನ ಜೊತೆಯವಳು ತೆಗೆದ ಒಂದು ಹಾಳೆಯಲ್ಲಿ, ಉಳ್ಳಾಲದ ಕಡೆಯ ಒಬ್ಬ ಹುಡುಗನಿಗೆ ಹಾಗೆ ಬಿತ್ತು. ಆಪರೇಷನ್ ಆಗಿ ಗಟ್ಟಿಮುಟ್ಟಾದ. ಆದರೂ ಇಂಜಿನಿಯರಿಂಗ್ ಕಲಿತವನು ಈಗ ಧಕ್ಕೆಯಲ್ಲಿ ಕೂತು ಬಲೆ ಹೊಲೀತಾನೆ. ಗುರುವಾರ ಮಧ್ಯಾಹ್ನ ನನ್ನ ಕಣ್ಣ ಮುಂದೆ ಬಂದದ್ದು ಅವನ ಮುಖ. ಅಯ್ಯೋ, ನನ್ನ ಮಗನೂ ಹೀಗೆ ಬಲೆ ಹೊಲಿಯುವ ಹಾಗೆ ಆಗಬಾರದು ಅಂತ ಯೋಚಿಸಿದೆ. ಆ ಉಳ್ಳಾಲದ ಹುಡುಗ ಬದುಕಿದ್ದಾನಲ್ಲ ಅನ್ನುವುದು ನನಗೆ ಹೊಳೆಯಲೇ ಇಲ್ಲ ನೋಡಿ.

ಗೆರೆಯ ಪಕ್ಕದಲ್ಲಿ ಹಳದಿ ಅಕ್ಷರದಲ್ಲಿ, ಗೆರೆಯಲ್ಲಿ ಏನಾದರೂ ಹೆಚ್ಚುಕಮ್ಮಿ ಇದ್ದರೆ ಮಾತ್ರ ಬರುವ, ಒಂದು ಟಿಪ್ಪಣಿಯೂ ಇತ್ತು. ಒಂಬತ್ತನೇ ನಂಬರಿನ ಮೊದಲ ವಾರದ ಡಾಟಾಕ್ಕೂ ಎರಡನೇ ವಾರದ ಡಾಟಾಕ್ಕೂ ಹೊಂದಾಣಿಕೆ ಕಡಿಮೆ ಅಂತ. ಬೇರೆ ಯಾರದ್ದಾದರೂ ಆಗಿದ್ದರೆ ನಾನು ಪಟ್ಟಿಯನ್ನು ತರಿಸಿ ನೋಡ್ತಿದ್ದೆ, ಹುಡುಗನನ್ನು ಕರೆದು ಕೇಳ್ತಿದ್ದೆ. ಅದು ನನ್ನ ಕೆಲಸ. ಆದರೆ ದಯಾನಂದರು ಹೋದ ದಿನದಿಂದ ನನ್ನ ಎದೆಯಲ್ಲಿ ಒಂದು ಹೆದರಿಕೆ ಕೂತಿತ್ತು, ಅಪ್ಪನದ್ದು ಮಗನಿಗೂ ಬರ್ತದಾ ಅಂತ. ಟಿಪ್ಪಣಿ ಓದಿದ ಕೂಡಲೇ ತೀರ್ಮಾನ ಮಾಡಿಬಿಟ್ಟೆ, ಒಂದು ವಾರದಲ್ಲಿ ಕಾಯಿಲೆ ಜಾಸ್ತಿಯಾಗಿದೆ ಅಂತ.

ಆಮೇಲೆ ಮಾಡಿದ್ದು ಹತ್ತು ನಿಮಿಷದ ಕೆಲಸ. ಒಂಬತ್ತನೇ ಪಟ್ಟಿ ಕೆಟ್ಟಿದೆ, ಡಾಟಾ ಅಪೂರ್ಣ ಅಂತ ಬರೆದೆ. ಡಾಟಾ ಅಪೂರ್ಣವಾದವನು ಆ ಪಂದ್ಯ ಆಡುವ ಹಾಗಿಲ್ಲ, ಆದರೆ ಅವನ ಹೆಸರಿಗೆ ತಡೆ ಬೀಳುದಿಲ್ಲ. ಅವನ ಬದಲು ಕಾಯುವವರ ಸಾಲಿನಿಂದ ಇನ್ನೊಬ್ಬನನ್ನು ಸೇರಿಸಿ ಮತ್ತೆ ಓಡಿಸಿದೆ. ಸ್ಕೋರು ಅದೇ ಬಂತು, ಎರಡು-ಒಂದು. ಗೆರೆಗಳು ಇಪ್ಪತ್ತೆರಡೂ ತೊಂಬತ್ತು ಮುಟ್ಟಿದವು. ಒಂದೊಂದನ್ನೂ ಬೆರಳಿಟ್ಟು ನೋಡಿದೆ, ಸುಳ್ಳಲ್ಲ. ಕದ್ರಿಯ ದೇವರಿಗೆ ಕೂತಲ್ಲಿಂದಲೇ ಕೈ ಮುಗಿದು, ಹಾಳೆಗೆ ಸಹಿ ಹಾಕಿದೆ. ಮೊದಲ ಹಾಳೆಯನ್ನು ಯಂತ್ರದಿಂದ ಅಳಿಸಿದೆ. ಕಾಗದವನ್ನು ಮಾತ್ರ ಹರಿಯಲಿಕ್ಕೆ ಧೈರ್ಯ ಬರಲಿಲ್ಲ, ಮಡಚಿ ರವಿಕೆಯೊಳಗೆ ಇಟ್ಟುಕೊಂಡೆ. ಸೋಮವಾರ ಅವನನ್ನು ಮಣಿಪಾಲದ ಕಡೆ ಕರ್ಕೊಂಡು ಹೋಗಿ ಯಾರಿಗೂ ಗೊತ್ತಾಗದ ಹಾಗೆ ತೋರಿಸುವ ಅಂತ ಲೆಕ್ಕ ಹಾಕಿದೆ.

ಸಂಜೆ ಮನೆಗೆ ಬರುವಾಗ ಮನ್ವಿತ್ ಬಾಗಿಲಲ್ಲೇ ನಿಂತಿದ್ದ. ಕಣ್ಣು ಕೆಂಪಾಗಿತ್ತು.

"ಎಂತಮ್ಮ ಇದು? ಪಟ್ಟಿ ಕೆಟ್ಟರೆ ನಾನೆಂತ ಮಾಡ್ಲಿ? ವರ್ಷಕ್ಕೆ ಒಂದು ಆಟ. ಒಂದು! ಅದೂ ಇಲ್ಲ."

"ನಾನೆಂತ ಮಾಡ್ಲಿ ಮಗ, ಯಂತ್ರ ಹಾಗೆ ಹೇಳಿತು" ಅಂದೆ. ಸುಳ್ಳು ನಾಲಗೆಯಿಂದ ಎಷ್ಟು ಸಲೀಸಾಗಿ ಬಂತು ಅಂದ್ರೆ ನನಗೇ ಆಶ್ಚರ್ಯ ಆಯ್ತು. ಅವ ತಟ್ಟೆಯಲ್ಲಿದ್ದ ಬನ್ಸ್ ಮುಟ್ಟಲಿಲ್ಲ, ಗೋಡೆಗೆ ಮುಖ ಮಾಡಿ ಕೂತ.

ಏಳು ಗಂಟೆ ಹೊತ್ತಿಗೆ ರೋವಿನ್ ಬಂದ. ರೋವಿನ್ ಅಂದ್ರೆ ಮನ್ವಿತನ ಚಡ್ಡಿ ದೋಸ್ತಿ, ಜೆಪ್ಪುವಿನ ಎವ್ಲಿನ್ ಬಾಯಿಯ ಒಬ್ಬನೇ ಮಗ, ತಂಡದ ನಾಲ್ಕನೇ ನಂಬರಿನವನು. ತಂದೆ ಇಲ್ಲ. ಅವನ ತಾಯಿ ಶಾಲೆಯಲ್ಲಿ ಆಯಾ ಕೆಲಸ ಮಾಡಿ ಸಾಕಿದ ಮಗ. ನಮ್ಮದು ಮೂರನೇ ಮಾಳಿಗೆ, ಲಿಫ್ಟ್ ಇಲ್ಲ. ನಾನು ಬಾಲ್ಕನಿಯಲ್ಲಿ ಬಟ್ಟೆ ತೆಗೀತಾ ಇದ್ದೆ. ಅವ ಕೆಳಗಿಂದ ಕೈ ಬೀಸಿ ಐದು ನಿಮಿಷ ಆದರೂ ಮೇಲೆ ಬರಲಿಲ್ಲ. ಬಾಗಿಲು ತೆಗೆದು ನೋಡಿದರೆ ಎರಡನೇ ಮಾಳಿಗೆಯ ತಿರುವಿನಲ್ಲಿ ಕಂಬಿ ಹಿಡಿದು ನಿಂತಿದ್ದಾನೆ.

"ಎಂತ ಮಾರಾಯ, ಅಲ್ಲೇ ಮನೆ ಮಾಡಿದ್ಯಾ?"

"ಆಂಟಿ, ನಿಮ್ಮ ಮೆಟ್ಲು ಯಾರೋ ಜಾಸ್ತಿ ಮಾಡಿದ್ದಾರೆ" ಅಂದ ನಗಾಡ್ತಾ. ತುಟಿ ಬೆಳ್ಳಗಿತ್ತು.

ನಾನು ಒಂದು ಗ್ಲಾಸು ಪುನರ್ಪುಳಿ ಶರಬತ್ತು ಮಾಡಿ ಕೊಟ್ಟೆ. ಅವ ಕುಡಿದು, ಮನ್ವಿತನ ಪಕ್ಕ ಕೂತು, ಹೆಗಲ ಮೇಲೆ ಕೈ ಹಾಕಿ ಏನೋ ಪಿಸಪಿಸ ಮಾತಾಡಿದ. ಮಗ ಸ್ವಲ್ಪ ನಕ್ಕ. ಆರು ವರ್ಷ ನಾಲ್ಕು ನೂರು ಹುಡುಗರ ಎದೆ ಬಡಿತ ಓದಿದವಳು ನಾನು. ನನ್ನ ಮನೆಯ ಮೆಟ್ಟಿಲಲ್ಲಿ ಒಬ್ಬ ಹುಡುಗ ಉಸಿರು ಹುಡುಕುತ್ತಿದ್ದಾಗ ಶರಬತ್ತಿಗೆ ಸಕ್ಕರೆ ಸಾಕಾ ಅಂತ ಕೇಳಿದೆ.

ಶನಿವಾರ ಮಧ್ಯಾಹ್ನ ಮನ್ವಿತ್ ಊಟ ಮಾಡಿ ಚಾಪೆಯ ಮೇಲೆ ಅಡ್ಡಬಿದ್ದಿದ್ದ. ನಿದ್ದೆ ಬಂದ ಮೇಲೆ ಹತ್ತಿರ ಹೋಗಿ ಅವನ ಎದೆಗೆ ಕಿವಿ ಇಟ್ಟೆ. ಲಬ್ ಡಬ್ ಅಂತ ಚಂದಕ್ಕೆ ಬಡೀತಾ ಇತ್ತು, ಒಂದು ತಪ್ಪು ಇಲ್ಲ. ಆ ಎರಡನೇ ವಾರದ ಡಾಟಾದಲ್ಲಿ ಹದಿನೈದು ಬಡಿತಕ್ಕೆ ಒಂದು ಮುಗ್ಗರಿಸಿತ್ತು, ನಾನು ಎಣಿಸಿದ್ದೆ. ಇಲ್ಲಿ ನೂರು ಎಣಿಸಿದರೂ ಮುಗ್ಗರಿಸಲಿಲ್ಲ. ಮಲಗಿದಾಗ ಸುಮ್ಮನಿರ್ತದೆ, ಓಡುವಾಗ ಕೆಡ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ನಂಬಬೇಕು ಅಂತಿದ್ದರೆ ಮನುಷ್ಯರು ಎಂತ ಬೇಕಾದರೂ ನಂಬ್ತಾರೆ. ಅವನಿಗೆ ಎಚ್ಚರ ಆಗಿ "ಎಂತಮ್ಮ?" ಅಂದ. "ಏನಿಲ್ಲ, ಮಲಗು" ಅಂತ ತಲೆ ಸವರಿದೆ.

ಆದಿತ್ಯವಾರ ನಾಲ್ಕು ಗಂಟೆಗೆ ಆಟ ಶುರುವಾಯ್ತು. ಗ್ಯಾಲರಿಯಲ್ಲಿ ಹೆಚ್ಚೆಂದರೆ ಅರವತ್ತು ಜನ, ಎಲ್ಲ ಹುಡುಗರ ಮನೆಯವರು. ಎವ್ಲಿನ್ ಬಾಯಿ ಹಳದಿ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಮನ್ವಿತ್ ಆಟಗಾರರ ಬೆಂಚಿನ ಹಿಂದೆ, ಅಂಗಿ ಪ್ಯಾಂಟಿನಲ್ಲಿ. ಜೋಯಿಸನ ಕೋಣೆ ಗ್ಯಾಲರಿಯ ಹಿಂಬದಿಯಲ್ಲಿ. ಆಟ ನಡೆಯುವಾಗ ನಡೆಸುವವಳು ಒಳಗೇ ಇರಬೇಕು, ಫೋನ್ ಹೊರಗಿನ ಪೆಟ್ಟಿಗೆಯಲ್ಲಿ. ಮಧ್ಯಂತರದಲ್ಲಿ ಚಾ ಕುಡಿಯಲಿಕ್ಕೆ ಮಾತ್ರ ಬಾಗಿಲು ತೆಗೀತಾರೆ.

ಮಧ್ಯಂತರಕ್ಕೆ ಒಂದು-ಒಂದು ಆಗಿತ್ತು, ಹಾಳೆಯಲ್ಲಿ ಇದ್ದ ಹಾಗೆಯೇ. ನಾನು ಹೊರಗಿನ ಬೆಂಚಿನಲ್ಲಿ ಚಾ ಕುಡೀತಾ, ಇನ್ನು ನಲವತ್ತೈದು ನಿಮಿಷ ಕಳೆದರೆ ಆಯ್ತು, ನನ್ನ ಮಗ ಬೆಂಚಿನ ಹಿಂದೆ ಸುರಕ್ಷಿತ ಅಂತ ನೆಮ್ಮದಿಯಲ್ಲಿದ್ದೆ. ಆಟ ಮತ್ತೆ ಶುರುವಾಗುವ ವಿಸಿಲ್ ಊದಿತು. ಒಳಗೆ ಹೋಗ್ಲಿಕ್ಕೆ ಎದ್ದಾಗ ಮನ್ವಿತ್ ಬಂದ.

"ಅಮ್ಮ, ಒಂದು ವಿಷಯ ಉಂಟು. ಬೈಬಾರ್ದು."

"ಬೇಗ ಹೇಳು, ಬಾಗಿಲು ಹಾಕ್ತಾರೆ."

"ಡಾಟಾ ಅಪೂರ್ಣ ಅಂತ ಬಂತಲ್ಲ, ಅದು ನಂದಲ್ಲ. ರೋವಿನಂದು."

"ಎಂತ ರೋವಿನಂದು?"

"ಕಳೆದ ವಾರ ಪೂರ್ತಿ ಒಂಬತ್ತರ ಜೆರ್ಸಿ ಹಾಕಿ ಓಡಿದ್ದು ಅವ. ನಾನು ನಾಲ್ಕು. ಲ್ಯಾನ್ಸಿ ಮಾಸ್ಟರ ಬದಲಿ ವಾರ, ಅಪ್ಪನ ಕಾಲದ್ದು. ನಾವು ಫೈನಲಿಗೆ ಮೊದಲು ಯಾವಾಗಲೂ ಮಾಡ್ತೇವಮ್ಮ, ಕದ್ದು. ಮಂಡಳಿಗೆ ಗೊತ್ತಾದ್ರೆ ಬಿಡ್ಲಿಕ್ಕಿಲ್ಲ ಅಂತ ಯಾರೂ ಹೇಳುದಿಲ್ಲ. ಇವತ್ತು ರೋವಿನನೇ ಹೇಳಿದ, 'ಹೋಗಿ ನಿನ್ನ ಅಮ್ಮನಿಗೆ ಹೇಳು, ತಪ್ಪು ನನ್ನ ಮೇಲೆ ಹಾಕು, ಬರುವ ವರ್ಷ ನಿನಗೆ ತೊಂದರೆ ಆಗ್ಬಾರ್ದು' ಅಂತ."

ಒಂಬತ್ತನೇ ಪಟ್ಟಿಯೊಳಗೆ ಬಡಿದ ಎದೆ ನನ್ನ ಮಗನದ್ದಲ್ಲ. ಆ ಎದೆಯ ಡಾಟಾವನ್ನು ನಾನೇ ತೆಗೆದು ಬಿಸಾಡಿದೆ. ಮನ್ವಿತನ ಗಟ್ಟಿ ಎದೆಯ ಡಾಟಾ ನಾಲ್ಕನೇ ನಂಬರಿನಲ್ಲಿ ಉಳಿಯಿತು. ಹಾಗಾಗಿ ಇಪ್ಪತ್ತೆರಡು ಗೆರೆಯೂ ತೊಂಬತ್ತು ಮುಟ್ಟಿದವು. ಸಾಯಬೇಕಾದವನು ಈಗ ಮೈದಾನದೊಳಗೆ ಓಡ್ತಾ ಇದ್ದಾನೆ.

ಓಡಿದೆ. ಗ್ಯಾಲರಿಯ ನಡುವಿನ ಗೇಟಿಗೆ ಸರಪಳಿ ಹಾಕಿದ್ದರು, ಆಟ ನಡೆಯುವಾಗ ಹಾಕುವ ಪದ್ಧತಿ. ಚಾ ಕುಡಿಯಲಿಕ್ಕೆ ಹೋದ ಕಾವಲಿನವನನ್ನು ಕೂಗಿ ಹುಡುಕಿ ಹತ್ತು ನಿಮಿಷ ಹೋಯ್ತು, ಪತ್ತೆ ಇಲ್ಲ. ಮೈದಾನದ ಸುತ್ತ ದೊಡ್ಡ ಗೇಟಿನವರೆಗೆ ಹೋಗಿ ಒಳಗೆ ಬರಬೇಕು. ಐವತ್ತಕ್ಕೆ ಹತ್ತಿರದವಳು ನಾನು, ಸೀರೆ ಎತ್ತಿ ಕಟ್ಟಿ ಓಡಿದೆ, ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಮನ್ವಿತ್ ಹಿಂದಿನಿಂದ "ಅಮ್ಮ, ಎಂತಾಯ್ತು, ಎಂತಾಯ್ತು" ಅಂತ ಕೂಗ್ತಾ ಬಂದ. ಆಳ್ವ ಸರ್ ಮೈದಾನದ ಗೆರೆಯ ಪಕ್ಕ ನಿಂತಿದ್ದರು. ಬೋರ್ಡಿನ ಗಡಿಯಾರದಲ್ಲಿ ಅರವತ್ತೊಂದು.

"ಸರ್, ನಾಲ್ಕನೇ ನಂಬರಿನ ಹುಡುಗನನ್ನು ಹೊರಗೆ ತನ್ನಿ. ಈಗಲೇ."

"ನೀವು ಕೋಣೆ ಬಿಟ್ಟು ಯಾಕೆ ಬಂದ್ರಿ?"

"ಅವನ ಎದೆ ಸರಿ ಇಲ್ಲ ಸರ್."

"ಯಾರು ಹೇಳಿದ್ದು?" ಅವರು ಕಿಸೆಯಿಂದ ಒಳಗಿನ ಹಾಳೆಯನ್ನು ತೆಗೆದು ಬಿಡಿಸಿದರು. "ಇಲ್ಲಿ ನೋಡಿ. ನಾಲ್ಕನೇ ಗೆರೆ, ಚಿನ್ನದ ಹಾಗೆ ಉಂಟು. ತಂಡದಲ್ಲೇ ಇದಕ್ಕಿಂತ ಒಳ್ಳೆ ಗೆರೆ ಇಲ್ಲ. ಕೆಳಗೆ ಸಹಿ ಯಾರದ್ದು? ನಿಮ್ಮದೇ ಅಲ್ವಾ? ಮಗನನ್ನು ಆಡಿಸ್ಲಿಲ್ಲ ಅಂತ ಈ ನಾಟಕವಾ ಸುಗಂಧಿ?"

ಈ ಜಾಗದಲ್ಲಿ ನಾನು ಸುಮ್ಮನೆ ನಿಂತೆ. ಯಾರು ಕೇಳಿದರೂ ಇದನ್ನು ಮುಚ್ಚಿಟ್ಟಿಲ್ಲ, ಈಗಲೂ ಇಡುದಿಲ್ಲ. ಸಹಿ ನನ್ನದು. ಸುಳ್ಳು ಬರೆದೆ ಅಂದರೆ ಕೆಲಸ ಹೋಗ್ತದೆ, ಪೊಲೀಸು ಬರ್ತದೆ, ಮನ್ವಿತ್ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ತಾನೆ. ಅಷ್ಟರಲ್ಲಿ ರೋವಿನ್ ನಮ್ಮ ಮುಂದಿನಿಂದಲೇ ಓಡಿಹೋದ, ಮನ್ವಿತನನ್ನು ನೋಡಿ ಕಣ್ಣು ಮಿಟುಕಿಸಿದ. ಬೋರ್ಡಿನಲ್ಲಿ ಅರವತ್ಮೂರು ಆಯ್ತು, ಅರವತ್ನಾಲ್ಕು ಆಯ್ತು.

"ಸುಳ್ಳು ಬರೆದಿದ್ದೇನೆ ಸರ್" ಅಂದೆ ಕೊನೆಗೆ. "ಹುಡುಗರು ಬದಲಿ ವಾರ ಮಾಡಿದ್ದಾರೆ. ಒಂಬತ್ತನೇ ಗೆರೆ ಅರವತ್ತೇಳಕ್ಕೆ ತುಂಡಾಗಿತ್ತು. ನಾನು ಅಳಿಸಿದೆ. ಅದು ರೋವಿನನ ಗೆರೆ."

ಆಳ್ವ ಸರ್ ಕೂಡಲೇ ರೆಫರಿಯ ಕಡೆ ತಿರುಗಿದರು. ಅವರೂ ಬಂದರು ಕಾಲೇಜಿನಲ್ಲೇ ಕಲಿತವರು, ಬದಲಿ ವಾರ ಅಂದರೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಬ್ಬನನ್ನು ಹೊರಗೆ ಕರೆಯಬೇಕಾದರೆ ಬಾಲ್ ಗೆರೆ ದಾಟಿ ಹೊರಗೆ ಹೋಗಬೇಕು, ಆಟದ ನಿಯಮ. ಬಾಲ್ ಮೈದಾನದ ಆಚೆ ಬದಿಯಲ್ಲಿ, ರೆಫರಿಯೂ ಅಲ್ಲಿ, ಇವರು ಎಷ್ಟು ಕೂಗಿ ಕೈ ಬೀಸಿದರೂ ಅವನು ತಿರುಗಲಿಲ್ಲ. ಒಂದು ನಿಮಿಷ ಹಾಗೇ ಹೋಯ್ತು. ಮತ್ತೆ ಬಾಲ್ ನಮ್ಮ ಕಡೆಗೆ ಬಂತು, ರೋವಿನನ ಕಡೆಗೆ.

"ರೋವಿನ್! ಹೊರಗೆ ಹಾಕು! ಬಾಲ್ ಹೊರಗೆ ಹಾಕು ಮಾರಾಯ!"

ಅವನಿಗೆ ಕೇಳಿಸಿತು. ಸರ್ ಯಾಕೆ ಹೀಗೆ ಹೇಳ್ತಾರೆ ಅಂತ ಒಂದು ಕ್ಷಣ ನಮ್ಮನ್ನು ನೋಡಿದ. ಹೇಳಿದ ಮಾತು ಕೇಳುವ ಹುಡುಗ ಅವನು. ಬಾಲ್ ಸ್ವಲ್ಪ ದೂರ ಉರುಳಿತ್ತು. ಅದನ್ನು ಹೊರಗೆ ಹಾಕ್ಲಿಕ್ಕೆ ಅಂತ ತನ್ನ ಪೂರಾ ವೇಗದಲ್ಲಿ ಓಡಿದ. ನಾಲ್ಕು ಹೆಜ್ಜೆಯಲ್ಲಿ ಅವನ ಕಾಲು ನಿಂತಿತು. ಕೈ ಊರಲಿಲ್ಲ, ಹಾಗೇ ಮುಖದ ಮೇಲೆ ಬಿದ್ದ. ಬಾಲ್ ತನ್ನಷ್ಟಕ್ಕೆ ಉರುಳಿ ಗೆರೆ ದಾಟಿತು. ಅರವತ್ತೇಳು.

ಎವ್ಲಿನ್ ಬಾಯಿ ಗ್ಯಾಲರಿಯ ಕಟ್ಟೆ ಹಾರಿ ಬಂದದ್ದು ನನಗೆ ನೆನಪುಂಟು. ಮನ್ವಿತ್ ಅವನ ಎದೆ ಒತ್ತುತ್ತಾ "ಏಳಾ, ಏಳಾ" ಅಂತ ಗೋಗರೆದದ್ದೂ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಆಟ ಅಲ್ಲಿಗೇ ನಿಂತಿತು, ಒಂದು-ಒಂದಕ್ಕೆ. ಜೋಯಿಸ ಎರಡು-ಒಂದು ಅಂದಿತ್ತು. ಆರು ವರ್ಷದಲ್ಲಿ ಮೊದಲ ಸಲ ಫಲ ತಪ್ಪಿತು ಅಂತ ಯಾರೋ ಗೇಟಿನ ಹತ್ತಿರ ಹೇಳ್ತಾ ಇದ್ದರು.

ಮಂಡಳಿ ನನ್ನನ್ನು ಕೆಲಸದಿಂದ ತೆಗೆಯಿತು. ಕೇಸು ನಡೀತಾ ಉಂಟು, ಏನು ಶಿಕ್ಷೆ ಕೊಟ್ಟರೂ ನನಗೆ ಕಡಿಮೆಯೇ. ವೈದ್ಯರು ತಂಡದ ಉಳಿದ ಹುಡುಗರ ಎದೆ ಪರೀಕ್ಷೆ ಮಾಡಿದರು. ಮನ್ವಿತನಿಗೆ ಏನೂ ಇಲ್ಲ, ಕಲ್ಲಿನ ಹಾಗೆ ಉಂಟು ಅಂದರು. ರೋವಿನನದ್ದು ಮೊದಲೇ ಗೊತ್ತಾಗಿದ್ದರೆ ಒಂದು ಸಣ್ಣ ಆಪರೇಷನ್ನಿನಲ್ಲಿ ಸರಿ ಆಗ್ತಿತ್ತಂತೆ, ಆ ಉಳ್ಳಾಲದ ಹುಡುಗನ ಹಾಗೆ. ಅದನ್ನೂ ನನ್ನ ಮಗನ ಎದುರಿಗೇ ಹೇಳಿದರು. ಆ ದಿನದಿಂದ ಅವ ನನ್ನನ್ನು ಅಮ್ಮ ಅಂತ ಕರೆದಿಲ್ಲ. ಅನ್ನ ಬಡಿಸಿದರೆ ತಿಂತಾನೆ, ತಟ್ಟೆ ತೊಳೆದಿಡ್ತಾನೆ.

ಹನ್ನೆರಡನೇ ದಿನ ಮಧ್ಯಾಹ್ನ ಎವ್ಲಿನ್ ಬಾಯಿ ಬಂದಳು. ಮೆಟ್ಟಿಲು ಹತ್ತಿ ಬರುವ ಸದ್ದಿಗೆ ಮನ್ವಿತ್ ಹೋಗಿ ಬಾಗಿಲು ತೆಗೆದ. ನಾನು ಅಡುಗೆ ಮನೆಯಲ್ಲೇ ನಿಂತೆ. ಬೈಯಲಿ, ಹೊಡೆಯಲಿ, ಮುಖಕ್ಕೆ ಉಗಿಯಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಎಂತದ್ದೂ ಮಾಡಲಿಲ್ಲ. ಕರಿ ಸೀರೆಯ ಸೆರಗು ಸರಿ ಮಾಡಿ ಕುರ್ಚಿಯಲ್ಲಿ ಕೂತಳು.

"ಮೊದಲು ಬಂದ ಹಾಳೆ ಉಂಟಂತಲ್ಲ ನಿನ್ನ ಹತ್ರ. ಪೊಲೀಸರು ಅಸಲು ಇಟ್ಟುಕೊಂಡು ನಕಲು ಕೊಟ್ಟಿದ್ದಾರಂತೆ. ತೋರಿಸು."

ತಂದು ಕೊಟ್ಟೆ. "ಯಾವುದು ಅವಂದು?" ಅಂದಳು. ಒಂಬತ್ತನೇ ಗೆರೆಯನ್ನು ತೋರಿಸಿದೆ. ಅವಳು ಸೊನ್ನೆಯಿಂದ ಬೆರಳಿಟ್ಟು ಮೆಲ್ಲಗೆ ಎಳೆದುಕೊಂಡು ಹೋದಳು. ಗೆರೆ ನಿಂತಲ್ಲಿ ಬೆರಳು ನಿಲ್ಲಿಸಿದಳು. ಮತ್ತೆ ಮೊದಲಿಂದ ಶುರು ಮಾಡಿದಳು. ಮೂರು ಸಲ ಹಾಗೆ ಮಾಡಿದಳು.

"ನಿಂಗೆ ಗೊತ್ತಾದ್ದು ಯಾವಾಗ?"

"ಗುರುವಾರ. ಮಧ್ಯಾಹ್ನ ಎರಡೂವರೆಗೆ. ಮನ್ವಿತನದ್ದು ಅಂತ ಎಣಿಸಿ, ಹುಡುಗರನ್ನು ಕೇಳದೆ, ಬಾಯಿ ಮುಚ್ಚಿದೆ."

"ಗುರುವಾರ" ಅಂದಳು. ಲೆಕ್ಕ ಹಾಕುವವಳ ಹಾಗೆ ಗೋಡೆ ನೋಡಿದಳು. "ಗುರುವಾರ ರಾತ್ರಿ ಮೀನು ಬೇಡ, ಊಟ ಬೇಡ ಅಂದ. ನಾನು ಅಷ್ಟೊತ್ತಿನಿಂದ ಒಲೆ ಮುಂದೆ ನಿಂತು ಮಾಡಿದ್ದೇನೆ, ನಿಂಗೆ ಸೊಕ್ಕು ಅಂತ ತಲೆಗೆ ಒಂದು ಕೊಟ್ಟೆ. ಆದಿತ್ಯವಾರ ಬೆಳಿಗ್ಗೆ ಇಗರ್ಜಿಗೆ ಹೋಗ್ಲಿಕ್ಕೆ ಎಬ್ಬಿಸಿದೆ, ಏಳಲಿಲ್ಲ. ಮಮ್ಮಿ, ಸುಸ್ತು, ಇನ್ನು ಸ್ವಲ್ಪ ಮಲಗ್ತೇನೆ ಅಂದ. ಸೋಮಾರಿ ಅಂತ ಮುಖಕ್ಕೆ ತಣ್ಣೀರು ಎರಚಿ ಎಬ್ಬಿಸಿದೆ."

ಮನ್ವಿತ್ ಬಾಗಿಲ ಚೌಕಟ್ಟು ಹಿಡಿದು ಅಳ್ತಾ ಇದ್ದ. ನಾನು ಅವಳ ಕಾಲ ಬುಡದಲ್ಲಿ ಕೂತೆ, ಆದರೆ ಕಾಲು ಮುಟ್ಟಲಿಕ್ಕೆ ಕೈ ಬರಲಿಲ್ಲ.

"ಆಟ ನಿಲ್ಲಿಸುದು, ಡಾಕ್ಟರು, ಅದೆಲ್ಲ ಬಿಡು ಸುಗಂಧಿ" ಅಂದಳು ಅವಳು. "ಗುರುವಾರ ಒಂದು ಮಾತು ನಂಗೆ ಹೇಳಿದ್ದಿದ್ರೆ, ಅವನನ್ನು ಮಲಗ್ಲಿಕ್ಕೆ ಬಿಡ್ತಿದ್ದೆ."

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿ ಇಟ್ಟುಕೊಂಡು ಎದ್ದಳು. ಮನ್ವಿತ್ ಅವಳ ಚೀಲ ಹಿಡಿದುಕೊಂಡು, ಹಿಂದೆ ತಿರುಗಿ ನೋಡದೆ, ಅವಳ ಜೊತೆ ಮೆಟ್ಟಿಲು ಇಳಿದು ಹೋದ.